‘ಸಭಾಯುಗ ಮುಗಿದಿದೆ’ ಎಂಬ ವಾದ: ಕ್ರೈಸ್ತರ ನಡುವಿನ ಚರ್ಚೆಯೊಂದರ ಹಿನ್ನೆಲೆ

ದೇವರು ಲೋಕದ ಎಲ್ಲ ಚರ್ಚ್‌ಗಳನ್ನೂ ತೊರೆದಿದ್ದಾನೆ, ಆದ್ದರಿಂದ ನಿಜವಾದ ವಿಶ್ವಾಸಿಯು ಇನ್ನು ಯಾವ ಚರ್ಚ್‌ನಲ್ಲಿಯೂ ಸದಸ್ಯನಾಗಿರಕೂಡದು ಎಂಬ ಮಾತು ಮೊದಲ ಸಲ ಕಿವಿಗೆ ಬಿದ್ದಾಗ, ಅದು ಕ್ರೈಸ್ತಧರ್ಮವನ್ನು ಒಪ್ಪದವರ ಮಾತೆಂದೇ ತೋರುತ್ತದೆ. ಆದರೆ ಹಾಗೆ ಹೇಳುವವರು ಬೈಬಲಿನ ಒಂದೊಂದು ಅಕ್ಷರವೂ ದೇವರಿಂದ ಬಂದದ್ದೆಂದು ನಂಬುವ ಕ್ರೈಸ್ತರೇ ಆಗಿದ್ದಾರೆ. ಮನೆಯ ಹಿರಿಯರೊಬ್ಬರೋ ಆಪ್ತ ಸ್ನೇಹಿತರೊಬ್ಬರೋ ರೇಡಿಯೊದಲ್ಲಿ ಅಥವಾ ಇಂಟರ್‌ನೆಟ್‌ನಲ್ಲಿ ಈ ಬೋಧನೆಯನ್ನು ಕೇಳಿ, ಭಾನುವಾರದ ಆರಾಧನೆಗೆ ಹೋಗುವುದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದಾಗ, ಉಳಿದವರಿಗೆ ಏನು ನಡೆಯುತ್ತಿದೆ ಎಂಬುದೇ ತಿಳಿಯದೆ ಹೋಗುತ್ತದೆ. ಈ ವಾದ ಎಲ್ಲಿಂದ ಬಂತು, ಯಾವ ವಚನಗಳ ಮೇಲೆ ನಿಂತಿದೆ, ಬಹುಪಾಲು ಕ್ರೈಸ್ತರು ಅದನ್ನು ಏಕೆ ತಿರಸ್ಕರಿಸಿದರು ಎಂಬುದನ್ನು ಮೂಲದಿಂದ ನೋಡಿದರೆ ಮಾತ್ರ ಆ ನಿರ್ಧಾರದ ತೂಕ ಅರ್ಥವಾಗುತ್ತದೆ.

ಮೊದಲೇ ಒಂದು ಗೊಂದಲವನ್ನು ಬದಿಗಿಡಬೇಕು. ಆರಾಧನೆಗೆ ಬರುವವರ ಸಂಖ್ಯೆ ಕುಗ್ಗುತ್ತಿದೆ, ಯುವಜನರು ದೂರವಾಗುತ್ತಿದ್ದಾರೆ ಎಂಬುದು ಸಮಾಜಶಾಸ್ತ್ರದ ವಿಷಯ. ಇಲ್ಲಿ ಚರ್ಚೆಯಾಗುತ್ತಿರುವುದು ಅದಲ್ಲ. ಚರ್ಚ್‌ಗಳು ತುಂಬಿ ತುಳುಕುತ್ತಿದ್ದರೂ ದೇವರ ಲೆಕ್ಕದಲ್ಲಿ ಅವುಗಳ ಕಾಲ ಮುಗಿದಿದೆ ಎಂಬುದೇ ಈ ಬೋಧನೆಯ ಸಾರ.

ಸಭೆ ಯಾವುದು, ಯುಗ ಯಾವುದು

ಕ್ರೈಸ್ತರು ‘ಸಭೆ’, ಅಂದರೆ ಚರ್ಚ್, ಎಂದು ಹೇಳುವಾಗ ಸಾಮಾನ್ಯವಾಗಿ ಎರಡು ಸಂಗತಿಗಳನ್ನು ಮನಸ್ಸಿನಲ್ಲಿಟ್ಟುಕೊಂಡಿರುತ್ತಾರೆ. ಮೊದಲನೆಯದು, ಎಲ್ಲ ಕಾಲಗಳ ಎಲ್ಲ ದೇಶಗಳ ನಿಜವಾದ ವಿಶ್ವಾಸಿಗಳ ಒಟ್ಟು ಸಮೂಹ. ಅದರಲ್ಲಿ ಯಾರಿದ್ದಾರೆ ಎಂಬುದು ದೇವರಿಗೆ ಮಾತ್ರ ಗೊತ್ತು, ಹಾಗಾಗಿ ಅದನ್ನು ಅದೃಶ್ಯ ಸಭೆ ಎನ್ನುತ್ತಾರೆ. ಎರಡನೆಯದು, ಕಣ್ಣಿಗೆ ಕಾಣುವ, ಸದಸ್ಯರ ಪಟ್ಟಿಯುಳ್ಳ, ಪಾಸ್ಟರ್ ಅಥವಾ ಹಿರಿಯರು ನಡೆಸುವ, ದೀಕ್ಷಾಸ್ನಾನ ಮತ್ತು ಕರ್ತನ ಭೋಜನ ಎಂಬ ಸಂಸ್ಕಾರಗಳನ್ನು ಆಚರಿಸುವ ಸ್ಥಳೀಯ ಸಮುದಾಯ. ಇದು ದೃಶ್ಯ ಸಭೆ. ಇವೆರಡೂ ಬೇರೆ ಬೇರೆ ಸಂಸ್ಥೆಗಳೆಂದು ಹೆಚ್ಚಿನ ಕ್ರೈಸ್ತ ಪಂಡಿತರು ಹೇಳುವುದಿಲ್ಲ. ಒಂದೇ ಸಭೆಯನ್ನು ದೇವರು ನೋಡುವ ಬಗೆ ಮತ್ತು ಮನುಷ್ಯರು ನೋಡುವ ಬಗೆ ಎಂದು ಅವರು ವಿವರಿಸುತ್ತಾರೆ. ಈ ಎರಡರ ನಡುವಿನ ಸಂಬಂಧ ಎಷ್ಟು ಗಟ್ಟಿಯಾದದ್ದು ಎಂಬ ಪ್ರಶ್ನೆಯಲ್ಲೇ ಇಡೀ ವಿವಾದ ಅಡಗಿದೆ ಎಂಬುದು ನನ್ನ ಅಭಿಪ್ರಾಯ.

ಸಭಾಯುಗ ಎಂದರೆ ದೇವರು ತನ್ನ ಸುವಾರ್ತೆಯ ಕೆಲಸವನ್ನು ಈ ಸಭೆಗಳ ಮೂಲಕ ನಡೆಸುವ ಕಾಲಾವಧಿ. ಅದು ಯಾವಾಗ ಶುರುವಾಯಿತು ಎಂಬುದರಲ್ಲಿ ದೊಡ್ಡ ಜಗಳವಿಲ್ಲ. ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯದಲ್ಲಿ ಹೇಳಿರುವಂತೆ, ಯೇಸು ಸ್ವರ್ಗಕ್ಕೇರಿದ ಬಳಿಕ ಪಂಚಾಶತ್ತಮ ಹಬ್ಬದ ದಿನ ಯೆರೂಸಲೇಮಿನಲ್ಲಿ ಶಿಷ್ಯರ ಮೇಲೆ ಪವಿತ್ರಾತ್ಮನು ಇಳಿದು ಬಂದ ಘಟನೆಯನ್ನೇ ಬಹಳ ಮಂದಿ ಸಭೆಯ ಹುಟ್ಟುದಿನವೆಂದು ಎಣಿಸುತ್ತಾರೆ. ಅದು ಕ್ರಿಸ್ತನ ಎರಡನೆಯ ಬರೋಣದವರೆಗೆ ಸಾಗುತ್ತದೆ ಎಂಬುದು ಕಥೋಲಿಕ, ಆರ್ಥೊಡಾಕ್ಸ್ ಮತ್ತು ಹೆಚ್ಚಿನ ಪ್ರೊಟೆಸ್ಟೆಂಟ್ ಸಭೆಗಳ ಸಮಾನ ನಂಬಿಕೆ. 19ನೇ ಶತಮಾನದಲ್ಲಿ ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರು ರೂಪಿಸಿದ ಮತ್ತು 1909ರಲ್ಲಿ ಪ್ರಕಟವಾದ ಸ್ಕೋಫೀಲ್ಡ್ ರೆಫರೆನ್ಸ್ ಬೈಬಲಿನ ಟಿಪ್ಪಣಿಗಳಿಂದ ಜನಪ್ರಿಯವಾದ, ದೇವರ ಕಾರ್ಯದ ಇತಿಹಾಸವನ್ನು ಬೇರೆ ಬೇರೆ ಯುಗಗಳಾಗಿ ವಿಂಗಡಿಸುವ ಯುಗವಿಭಾಗ ಸಿದ್ಧಾಂತವು ಇದನ್ನು ಸ್ವಲ್ಪ ಬದಲಿಸುತ್ತದೆ. ಅದರ ಪ್ರಕಾರ ವಿಶ್ವಾಸಿಗಳು ಭೂಮಿಯಿಂದ ಎತ್ತಲ್ಪಡುವ ದಿನ ಸಭಾಯುಗ ಮುಗಿಯುತ್ತದೆ, ಆಮೇಲೆ ಮಹಾಸಂಕಟ ಎಂಬ, ಲೋಕಾಂತ್ಯಕ್ಕೆ ಮುಂಚಿನ ಘೋರ ಕಷ್ಟದ ಕಾಲ ಬರುತ್ತದೆ. ಇಲ್ಲಿಯೂ ಸಭೆಯ ಕಾಲ ಮುಗಿದಾಗ ವಿಶ್ವಾಸಿಗಳು ಭೂಮಿಯ ಮೇಲೆ ಇರುವುದಿಲ್ಲ ಎಂಬುದನ್ನು ಗಮನಿಸಬೇಕು. ವಿಶ್ವಾಸಿಗಳು ಇನ್ನೂ ಇಲ್ಲೇ ಇದ್ದಾರೆ, ಲೋಕ ಇನ್ನೂ ನಡೆಯುತ್ತಿದೆ, ಆದರೆ ಸಭೆಯ ಕಾಲ ಮಾತ್ರ ಮುಗಿದುಹೋಗಿದೆ ಎಂಬ ಮಾತು ಈ ಯಾವ ಪಂಥದಲ್ಲಿಯೂ ಇರಲಿಲ್ಲ.

ಹ್ಯಾರಲ್ಡ್ ಕ್ಯಾಂಪಿಂಗ್ ಬೋಧಿಸಿದ್ದು

ಆ ಮಾತನ್ನು ಇಂದಿನ ರೂಪದಲ್ಲಿ ಲೋಕಕ್ಕೆ ಸಾರಿದವರು ಅಮೆರಿಕದ ಹ್ಯಾರಲ್ಡ್ ಕ್ಯಾಂಪಿಂಗ್. 1921ರಲ್ಲಿ ಹುಟ್ಟಿ, ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಕಟ್ಟಡ ನಿರ್ಮಾಣದ ಉದ್ಯಮ ನಡೆಸುತ್ತಿದ್ದ ಅವರು 1958ರಲ್ಲಿ ಇತರರೊಂದಿಗೆ ಸೇರಿ ಫ್ಯಾಮಿಲಿ ರೇಡಿಯೊ ಎಂಬ ಪ್ರಸಾರ ಸಂಸ್ಥೆಯನ್ನು ಕಟ್ಟಿದರು. ಕೇಳುಗರು ಫೋನ್ ಮಾಡಿ ಬೈಬಲಿನ ಬಗ್ಗೆ ಪ್ರಶ್ನೆ ಕೇಳುವ ‘ಓಪನ್ ಫೋರಮ್’ ಕಾರ್ಯಕ್ರಮವನ್ನು ಅವರು ಹಲವು ದಶಕಗಳ ಕಾಲ ತಾವೇ ನಡೆಸಿದರು. ಕ್ರಿಶ್ಚಿಯನ್ ರಿಫಾರ್ಮ್ಡ್ ಚರ್ಚ್ ಎಂಬ ಸುಧಾರಿತ ಪರಂಪರೆಯ (ಕ್ಯಾಲ್ವಿನ್ ಬೋಧನೆಯನ್ನು ಅನುಸರಿಸುವ ಪ್ರೊಟೆಸ್ಟೆಂಟ್ ಶಾಖೆಯ) ಸಭೆಯಲ್ಲಿ ಅವರು ಹಿರಿಯರೂ ಬೈಬಲ್ ಶಿಕ್ಷಕರೂ ಆಗಿದ್ದವರು. 1988ರಲ್ಲಿ ಬೋಧನೆಯ ವಿಷಯವಾಗಿ ಸಭೆಯ ನಾಯಕತ್ವದೊಂದಿಗೆ ಭಿನ್ನಾಭಿಪ್ರಾಯ ಬೆಳೆದು, ತಮ್ಮೊಂದಿಗಿದ್ದ ಹಲವರ ಜೊತೆ ಹೊರಬಂದರು. ಚರ್ಚ್‌ಗಳನ್ನು ಬಿಟ್ಟು ಹೊರಡಿರೆಂದು ಎಲ್ಲರಿಗೂ ಬಹಿರಂಗವಾಗಿ ಹೇಳತೊಡಗಿದ್ದು ಮಾತ್ರ ಅದಕ್ಕೆ ಹತ್ತಕ್ಕೂ ಹೆಚ್ಚು ವರ್ಷಗಳ ನಂತರ, 2001-2002ರ ಸುಮಾರಿಗೆ.

ಅವರ ಬೋಧನೆಯನ್ನು ಹೀಗೆ ಹೇಳಬಹುದು. ಕ್ರಿಸ್ತಶಕ 33ರ ಪಂಚಾಶತ್ತಮ ದಿನದಂದು ಶುರುವಾದ ಸಭಾಯುಗ 1988ರ ಮೇ 21ರಂದು, ಅಂದರೆ ಆ ವರ್ಷದ ಪಂಚಾಶತ್ತಮ ಭಾನುವಾರದ ಹಿಂದಿನ ದಿನ, ಮುಗಿಯಿತು. ಆ ದಿನ ಪವಿತ್ರಾತ್ಮನು ಎಲ್ಲ ಸಭೆಗಳಿಂದ ಹೊರಟುಹೋದನು, ಸೈತಾನನಿಗೆ ಅಲ್ಲಿ ಆಳುವ ಅವಕಾಶ ಸಿಕ್ಕಿತು. ಆ ಬಳಿಕ ಸಭೆಯೊಳಗೆ ಕುಳಿತು ಪ್ರಸಂಗ ಕೇಳಿದವರಲ್ಲಿ ಯಾರೂ ರಕ್ಷಣೆ, ಅಂದರೆ ಪಾಪದಿಂದ ಬಿಡುಗಡೆ, ಹೊಂದುವುದಿಲ್ಲ. ಮೊದಲ 2300 ದಿನಗಳು, ಎಂದರೆ 1994ರ ಸೆಪ್ಟೆಂಬರ್‌ವರೆಗೆ, ಲೋಕದಲ್ಲೆಲ್ಲ ರಕ್ಷಣೆಯ ಬರಗಾಲ. ಅಲ್ಲಿಂದ ಮುಂದೆ ದೇವರು ಸಭೆಗಳ ಹೊರಗೆ, ಬೈಬಲಿನ ವಾಕ್ಯದ ಮೂಲಕ ನೇರವಾಗಿ, ದೊಡ್ಡ ಜನಸಮೂಹವನ್ನು ರಕ್ಷಿಸುತ್ತಾನೆ. ಇದಕ್ಕೆ ಅವರು ಬೈಬಲಿನ ‘ಹಿಂಗಾರು ಮಳೆ’ಯ ಹೆಸರನ್ನು ಕೊಟ್ಟರು. ಒಟ್ಟು 23 ವರ್ಷಗಳ ಈ ಮಹಾಸಂಕಟ 2011ರ ಮೇ 21ರಂದು ಕೊನೆಗೊಂಡು, ಅಂದು ವಿಶ್ವಾಸಿಗಳು ಎತ್ತಲ್ಪಡುತ್ತಾರೆ.

ಸರ್ಕಾರವೊಂದು ತನ್ನ ಕಚೇರಿಗೆ ಕೊಟ್ಟಿದ್ದ ಅಧಿಕಾರಪತ್ರವನ್ನು ರದ್ದು ಮಾಡಿದೆ ಎಂದು ಭಾವಿಸಿ. ಕಟ್ಟಡ ಇದೆ, ನೌಕರರು ದಿನವೂ ಬರುತ್ತಾರೆ, ಅರ್ಜಿಗಳಿಗೆ ಮೊಹರು ಬೀಳುತ್ತಿದೆ. ಆದರೆ ಆ ಮೊಹರಿಗೆ ಈಗ ಬೆಲೆಯಿಲ್ಲ, ಮತ್ತು ಒಳಗಿರುವವರಿಗೆ ಆ ಸುದ್ದಿಯೇ ತಿಳಿದಿಲ್ಲ. ಕ್ಯಾಂಪಿಂಗ್ ಚಿತ್ರಿಸಿದ ಸಭೆಯ ಸ್ಥಿತಿ ಇದು. ಆದುದರಿಂದ ಒಳ್ಳೆಯ ಸಭೆ ಮತ್ತು ಕೆಟ್ಟ ಸಭೆ ಎಂಬ ವ್ಯತ್ಯಾಸಕ್ಕೆ ಅವರ ಬೋಧನೆಯಲ್ಲಿ ಸ್ಥಳವೇ ಇರಲಿಲ್ಲ. ಸಿದ್ಧಾಂತದಲ್ಲಿ ಅತ್ಯಂತ ನಿಷ್ಠವಾದ ಸಭೆಯನ್ನೂ ಬಿಡಲೇಬೇಕು. ಹೊರಬಂದವರು ಕೂಡಿ ಹಾಡಬಹುದು, ಪ್ರಾರ್ಥಿಸಬಹುದು, ವಾಕ್ಯ ಓದಬಹುದು; ಆದರೆ ಹಿರಿಯರನ್ನು ನೇಮಿಸಬಾರದು, ದೀಕ್ಷಾಸ್ನಾನ ಕೊಡಬಾರದು, ಕರ್ತನ ಭೋಜನ ನಡೆಸಬಾರದು, ಏಕೆಂದರೆ ಇವೆಲ್ಲ ಮುಗಿದುಹೋದ ಯುಗಕ್ಕೆ ಸೇರಿದವು.

ವಚನಗಳು ಮತ್ತು ಅವನ್ನು ಓದಿದ ರೀತಿ

ಇಷ್ಟು ದೊಡ್ಡ ತೀರ್ಮಾನಕ್ಕೆ ಆಧಾರವಾದ ಮುಖ್ಯ ವಚನ ಮತ್ತಾಯ 24:15-16. ಹಾಳುಮಾಡುವ ಅಸಹ್ಯ ವಸ್ತುವು ಪವಿತ್ರಸ್ಥಾನದಲ್ಲಿ ನಿಂತಿರುವುದನ್ನು ಕಂಡಾಗ ಯೂದಾಯದಲ್ಲಿರುವವರು ಬೆಟ್ಟಗಳಿಗೆ ಓಡಿಹೋಗಬೇಕೆಂದು ಯೇಸು ಅಲ್ಲಿ ಹೇಳುತ್ತಾನೆ. ಕ್ಯಾಂಪಿಂಗ್ ಇದನ್ನು ಓದಿದ್ದು ಹೀಗೆ: ಯೂದಾಯ ಎಂದರೆ ಸಭೆಗಳು, ಪವಿತ್ರಸ್ಥಾನವೂ ಸಭೆಯೇ, ಅಸಹ್ಯ ವಸ್ತು ಸೈತಾನ, ಬೆಟ್ಟಗಳಿಗೆ ಓಡುವುದೆಂದರೆ ನೇರವಾಗಿ ದೇವರನ್ನು ಆಶ್ರಯಿಸುವುದು. 2 ಥೆಸಲೋನಿಕ 2ರಲ್ಲಿ ದೇವರ ಆಲಯದಲ್ಲಿ ಕುಳಿತುಕೊಳ್ಳುವ ಅಧರ್ಮಪುರುಷ, 1 ಪೇತ್ರ 4:17ರಲ್ಲಿ ದೇವರ ಮನೆಯಿಂದಲೇ ಆರಂಭವಾಗುವ ನ್ಯಾಯತೀರ್ಪು, ಪ್ರಕಟನೆ 11ರಲ್ಲಿ ಸಾಕ್ಷಿ ಹೇಳಿ ಮುಗಿಸಿದ ಮೇಲೆ ಕೊಲ್ಲಲ್ಪಡುವ ಇಬ್ಬರು ಸಾಕ್ಷಿಗಳು, ಪ್ರಕಟನೆ 18:4ರಲ್ಲಿ ‘ನನ್ನ ಪ್ರಜೆಗಳೇ, ಅವಳನ್ನು ಬಿಟ್ಟುಬನ್ನಿರಿ’ ಎಂಬ ಕರೆ, ಎಲ್ಲವನ್ನೂ ಅವರು ಇದೇ ಸೂತ್ರಕ್ಕೆ ಪೋಣಿಸಿದರು. ಬಾಬೆಲಿನವರು ಯೆರೂಸಲೇಮನ್ನು ಮುತ್ತಿದಾಗ ಪಟ್ಟಣದಲ್ಲಿ ಉಳಿಯುವವರು ಸಾಯುವರು, ಹೊರಗೆ ಹೋಗುವವರು ಬದುಕುವರು ಎಂದು ಪ್ರವಾದಿ ಯೆರೆಮೀಯ ಸಾರಿದ್ದೂ ಅವರಿಗೆ ಸಭೆಯ ಚಿತ್ರವಾಗಿ ಕಂಡಿತು.

ಈ ಓದಿನ ಹಿಂದೆ ಒಂದು ನಿಯಮವಿತ್ತು. ಯೇಸು ಸಾಮ್ಯ (ದೃಷ್ಟಾಂತಕಥೆ) ಇಲ್ಲದೆ ಜನರೊಂದಿಗೆ ಮಾತನಾಡುತ್ತಿರಲಿಲ್ಲ ಎಂದು ಮಾರ್ಕ 4:34 ಹೇಳುತ್ತದೆ. ಅದರಿಂದ ಕ್ಯಾಂಪಿಂಗ್ ಇಡೀ ಬೈಬಲಿನ ಮಾತುಗಳಿಗೆ, ಇತಿಹಾಸದ ಘಟನೆಗಳಿಗೂ ಸಂಖ್ಯೆಗಳಿಗೂ ಕೂಡ, ಒಳಗೊಂದು ಆತ್ಮಿಕ ಅರ್ಥವಿದೆ ಎಂದು ತೀರ್ಮಾನಿಸಿದರು. ಸೃಷ್ಟಿಯು ಕ್ರಿಸ್ತಪೂರ್ವ 11,013ರಲ್ಲಿ ಆಯಿತೆಂದು ಅವರು ಲೆಕ್ಕಹಾಕಿದ್ದರಿಂದ, 1988 ಸೃಷ್ಟಿಯಿಂದ 13,000ನೇ ವರ್ಷವಾಯಿತು. ನೋಹನ ಜಲಪ್ರಳಯವನ್ನು ಕ್ರಿಸ್ತಪೂರ್ವ 4990 ಎಂದು ಇಟ್ಟುಕೊಂಡಾಗ 2011ಕ್ಕೆ ಸರಿಯಾಗಿ 7000 ವರ್ಷ. ಕರ್ತನಿಗೆ ಒಂದು ದಿನವು ಸಾವಿರ ವರ್ಷದಂತಿದೆ ಎಂಬ 2 ಪೇತ್ರ 3:8ರ ಮಾತನ್ನೂ, ಪ್ರಳಯಕ್ಕೆ ಏಳು ದಿನ ಮುಂಚೆ ನೋಹನಿಗೆ ಎಚ್ಚರಿಕೆ ಸಿಕ್ಕಿದ್ದನ್ನೂ ಅವರು ಒಟ್ಟಿಗಿಟ್ಟರು.

ಇದಲ್ಲದೆ ಅವರು ಕಣ್ಣಿಗೆ ಕಾಣುವ ಕಾರಣಗಳನ್ನೂ ಕೊಟ್ಟರು. ವಿವಾಹ ವಿಚ್ಛೇದನಕ್ಕೆ ಸಭೆಗಳು ಸಮ್ಮತಿಸಿದ್ದು, ಪವಿತ್ರಾತ್ಮನ ಪ್ರೇರಣೆಯಿಂದ ಆಡುವುದೆನ್ನುವ ಅನ್ಯಭಾಷೆ ಮತ್ತು ಅದ್ಭುತಗಳಿಗೆ ಒತ್ತು ಕೊಡುವ ಚಳವಳಿ ಹರಡಿದ್ದು, ರಕ್ಷಣೆಯನ್ನು ಮನುಷ್ಯನ ಸ್ವಂತ ಆಯ್ಕೆಯೆಂದು ಸಾರಿದ್ದು ಅವರಿಗೆ ದೇವರು ಹೊರಟುಹೋದ ಗುರುತುಗಳಾಗಿದ್ದವು. ಅನೇಕ ಕೇಳುಗರನ್ನು ಸೆಳೆದದ್ದು ಲೆಕ್ಕಕ್ಕಿಂತ ಹೆಚ್ಚಾಗಿ ಈ ಭಾಗವೇ ಇರಬೇಕು. ತಮ್ಮ ಸಭೆಯಲ್ಲಿ ನೋವುಂಡವರಿಗೆ, ಅಲ್ಲಿನ ಲೋಕಾಸಕ್ತಿಯಿಂದ ಬೇಸತ್ತವರಿಗೆ, ಆ ನೋವಿಗೆ ದೇವರ ವಾಕ್ಯದಲ್ಲೇ ವಿವರಣೆ ಇದೆ ಎಂಬುದು ದೊಡ್ಡ ಸಮಾಧಾನವಾಗಿ ಕಾಣುತ್ತದೆ. ಅದನ್ನು ಮೂರ್ಖತನವೆಂದು ತಳ್ಳಿಹಾಕುವುದು ಅವರಿಗೆ ಮಾಡುವ ಅನ್ಯಾಯ.

ಎದುರಾಳಿಗಳ ಉತ್ತರ

ಬಲವಾದ ಉತ್ತರ ಬಂದದ್ದು ಕ್ಯಾಂಪಿಂಗ್ ಅವರ ಸ್ವಂತ ಪರಂಪರೆಯಾದ ಸುಧಾರಿತ ಸಭೆಗಳಿಂದಲೇ. ದೈವಶಾಸ್ತ್ರಜ್ಞ ಜೇಮ್ಸ್ ವೈಟ್ 2002ರಲ್ಲಿ ಒಂದು ಖಂಡನಗ್ರಂಥವನ್ನೇ ಬರೆದರು; ಕ್ಯಾಲಿಫೋರ್ನಿಯಾದ ವೆಸ್ಟ್‌ಮಿನ್‌ಸ್ಟರ್ ಸೆಮಿನರಿಯ ರಾಬರ್ಟ್ ಗಾಡ್‌ಫ್ರಿ ಲೇಖನಗಳ ಮೂಲಕ ವಿಮರ್ಶಿಸಿದರು. ಆ ಪರಂಪರೆಯ ವಿಶ್ವಾಸಪತ್ರಗಳೂ (ಸಭೆಯ ನಂಬಿಕೆಯ ಅಧಿಕೃತ ಘೋಷಣೆಗಳೂ) ಈ ವಿಷಯದಲ್ಲಿ ಮೌನವಾಗಿಲ್ಲ. 1561ರ ಬೆಲ್ಜಿಕ್ ವಿಶ್ವಾಸಪತ್ರವು ಸಭೆ ಲೋಕದ ಆರಂಭದಿಂದ ಇದೆ, ಅಂತ್ಯದವರೆಗೂ ಇರುತ್ತದೆ ಎಂದು ಹೇಳಿ, ಯಾರೂ ಅದರಿಂದ ಬೇರೆಯಾಗಿ ಒಂಟಿಯಾಗಿ ಇರಬಾರದು ಎಂದು ಸೇರಿಸುತ್ತದೆ. 17ನೇ ಶತಮಾನದ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪತ್ರವಂತೂ ಅತ್ಯಂತ ಶುದ್ಧವಾದ ಸಭೆಗಳಲ್ಲಿಯೂ ತಪ್ಪು ಬೆರೆತಿರುತ್ತದೆ, ಕೆಲವು ಸಭೆಗಳು ಸಂಪೂರ್ಣ ಕೆಟ್ಟುಹೋಗಲೂಬಹುದು ಎಂದು ಒಪ್ಪಿಕೊಂಡೇ, ಆದರೂ ದೇವರನ್ನು ಆರಾಧಿಸುವ ಸಭೆಯೊಂದು ಭೂಮಿಯ ಮೇಲೆ ಯಾವಾಗಲೂ ಇರುತ್ತದೆ ಎನ್ನುತ್ತದೆ.

ಬೈಬಲಿನ ಆಧಾರಗಳಲ್ಲಿ ಹೆಚ್ಚಾಗಿ ಕೇಳಿಬಂದದ್ದು ಮತ್ತಾಯ 16:18. ನಾನು ನನ್ನ ಸಭೆಯನ್ನು ಕಟ್ಟುವೆನು, ಪಾತಾಳದ ಬಲವು ಅದನ್ನು ಸೋಲಿಸಲಾರದು ಎಂದು ಯೇಸು ಪೇತ್ರನಿಗೆ ಹೇಳುವ ವಚನ ಅದು. ಕ್ಯಾಂಪಿಂಗ್ ಅವರ ಬಳಿ ಇದಕ್ಕೆ ಸಿದ್ಧವಾದ ಉತ್ತರವಿತ್ತು: ಈ ವಾಗ್ದಾನ ಅದೃಶ್ಯವಾದ ನಿತ್ಯಸಭೆಗೆ ಸಂಬಂಧಿಸಿದ್ದು, ಹೊರಗೆ ಕಾಣುವ ಸಂಸ್ಥೆಗಳಿಗೆ ಅಲ್ಲ. ಆದ್ದರಿಂದ ಈ ಒಂದೇ ವಚನದಿಂದ ವಾದ ತೀರ್ಮಾನವಾಗುವುದಿಲ್ಲ ಎಂಬುದನ್ನು ಒಪ್ಪಬೇಕು.

ನಿಜವಾಗಿ ಹೆಚ್ಚು ಕಷ್ಟ ಕೊಡುವ ವಚನ 1 ಕೊರಿಂಥ 11:26. ನೀವು ಈ ರೊಟ್ಟಿಯನ್ನು ತಿಂದು ಈ ಪಾತ್ರೆಯಲ್ಲಿ ಕುಡಿಯುವಾಗಲೆಲ್ಲ ಕರ್ತನ ಮರಣವನ್ನು ಆತನು ಬರುವ ತನಕ ಪ್ರಸಿದ್ಧಪಡಿಸುತ್ತೀರಿ ಎಂದು ಪೌಲನು ಬರೆಯುತ್ತಾನೆ. ಇಲ್ಲಿ ಮಾತು ಅದೃಶ್ಯ ಸಭೆಯದ್ದಲ್ಲ. ರೊಟ್ಟಿ ಮುರಿಯುವುದು ಕಣ್ಣಿಗೆ ಕಾಣುವ ಜನ ಒಂದೆಡೆ ಕೂಡಿ ಮಾಡುವ ಕೆಲಸ, ಅದರ ಅವಧಿ ಕ್ರಿಸ್ತನ ಬರೋಣದವರೆಗೆ ಎಂದು ಸ್ಪಷ್ಟವಾಗಿ ಹೇಳಲಾಗಿದೆ. ಮತ್ತಾಯ 28:19-20ರಲ್ಲಿಯೂ ದೀಕ್ಷಾಸ್ನಾನ ಕೊಡಬೇಕೆಂಬ ಆಜ್ಞೆಯ ಬೆನ್ನಿಗೇ ಯುಗದ ಸಮಾಪ್ತಿಯವರೆಗೂ ನಾನು ನಿಮ್ಮ ಸಂಗಡ ಇರುತ್ತೇನೆ ಎಂಬ ವಾಗ್ದಾನವಿದೆ. ಸಭೆಯಾಗಿ ಕೂಡಿಬರುವುದನ್ನು ಬಿಟ್ಟುಬಿಡಬೇಡಿರಿ, ಆ ದಿನ ಹತ್ತಿರವಾಗುತ್ತಿರುವುದನ್ನು ನೋಡುವಾಗ ಇದನ್ನು ಇನ್ನೂ ಹೆಚ್ಚಾಗಿ ಮಾಡಿರಿ ಎಂಬ ಅರ್ಥದ ಇಬ್ರಿಯ 10:25, ಅಂತ್ಯ ಸಮೀಪಿಸಿದಾಗ ಚದುರಬೇಕೆಂಬ ಬೋಧನೆಗೆ ನೇರ ವಿರುದ್ಧವಾಗಿ ನಿಲ್ಲುತ್ತದೆ.

ಓದುವ ವಿಧಾನದ ಬಗ್ಗೆಯೂ ಆಕ್ಷೇಪವಿತ್ತು. ಮತ್ತಾಯ 24ರಲ್ಲಿ ಯೇಸು ಯೆರೂಸಲೇಮಿನ ದೇವಾಲಯವನ್ನು ತೋರಿಸಿಯೇ ಮಾತು ಆರಂಭಿಸುತ್ತಾನೆ. ಕ್ರಿಸ್ತಶಕ 70ರಲ್ಲಿ ರೋಮನ್ ಸೈನ್ಯ ಆ ದೇವಾಲಯವನ್ನು ಕೆಡವಿತು. ಆ ಯುದ್ಧಕ್ಕೆ ಮೊದಲೇ ಅಲ್ಲಿನ ಕ್ರೈಸ್ತರು ಯೊರ್ದನ್ ನದಿಯಾಚೆಯ ಪೆಲ್ಲಾ ಪಟ್ಟಣಕ್ಕೆ ಹೋಗಿ ಉಳಿದರೆಂದು 4ನೇ ಶತಮಾನದ ಇತಿಹಾಸಕಾರ ಯುಸೀಬಿಯಸ್ ದಾಖಲಿಸಿದ್ದಾನೆ. ಹಾಗಿರುವಾಗ ಯೂದಾಯವನ್ನು ಯೂದಾಯವೆಂದೇ ಓದಲು ಅಡ್ಡಿಯೇನು, ಅದನ್ನು ಲೋಕದ ಎಲ್ಲ ಸಭೆಗಳೆಂದು ಓದಲು ಪಠ್ಯದೊಳಗೆ ಎಲ್ಲಿ ಅಪ್ಪಣೆಯಿದೆ ಎಂದು ವಿಮರ್ಶಕರು ಕೇಳಿದರು. ಯೆಹೂದ್ಯರ ದೇವಾಲಯದ ಕಾಲ ಮುಗಿದು ಸಭೆಯ ಕಾಲ ಬಂದಂತೆ ಈಗ ಸಭೆಯ ಕಾಲವೂ ಮುಗಿದಿದೆ ಎಂಬ ಹೋಲಿಕೆಗೂ ಅವರ ಉತ್ತರ ಇದೇ ಬಗೆಯದು: ಮೊದಲ ಬದಲಾವಣೆಯನ್ನು ಕ್ರಿಸ್ತನೂ ಅಪೊಸ್ತಲರೂ ಬಹಿರಂಗವಾಗಿ ಸಾರಿದರು, ಎರಡನೆಯದಕ್ಕೆ ಅಂಥ ಯಾವ ಘೋಷಣೆಯೂ ಇಲ್ಲ.

ಸಭೆಗಳ ಭ್ರಷ್ಟತೆಯ ಮಾತಿಗೆ ಅವರು ತೋರಿಸಿದ್ದು ಹೊಸ ಒಡಂಬಡಿಕೆಯ ಸಭೆಗಳನ್ನೇ. ಕೊರಿಂಥದಲ್ಲಿ ಪಂಗಡಗಳಿದ್ದವು, ವ್ಯಭಿಚಾರವಿತ್ತು, ಪುನರುತ್ಥಾನವನ್ನೇ ಅಲ್ಲಗಳೆಯುವವರಿದ್ದರು. ಆದರೂ ಪೌಲನು ಅದನ್ನು ದೇವರ ಸಭೆ ಎಂದೇ ಕರೆದನು. ಪ್ರಕಟನೆ 2 ಮತ್ತು 3ನೇ ಅಧ್ಯಾಯಗಳಲ್ಲಿ ಸಾರ್ದಿಸ್ ಸಭೆಯನ್ನು ಸತ್ತದ್ದೆಂದು ಹೇಳಿದಾಗಲೂ, ಅಲ್ಲಿ ಬಟ್ಟೆ ಮೈಲಿಗೆ ಮಾಡಿಕೊಳ್ಳದ ಕೆಲವರಿಗೆ ಹೊರಗೆ ಹೋಗಿರೆಂಬ ಅಪ್ಪಣೆ ಸಿಗಲಿಲ್ಲ.

ಹಿಂದಿನ ಕಾಲದಲ್ಲಿ

ಈ ಚಿಂತನೆಯ ಎಳೆಗಳು ಹಳೆಯವು. 1202ರಲ್ಲಿ ತೀರಿಕೊಂಡ, ದಕ್ಷಿಣ ಇಟಲಿಯ ಮಠಾಧಿಪತಿ ಫಿಯೋರೆಯ ಯೋವಾಕಿಮ್ ಇತಿಹಾಸವನ್ನು ತಂದೆಯ, ಮಗನ, ಪವಿತ್ರಾತ್ಮನ ಎಂದು ಮೂರು ಯುಗಗಳಾಗಿ ವಿಂಗಡಿಸಿದ್ದನು. ಅವನ ನಂತರದ ಅನುಯಾಯಿಗಳಲ್ಲಿ ಹಲವರು ಪ್ರಕಟನೆ ಗ್ರಂಥದ 1260 ದಿನಗಳನ್ನು ವರ್ಷಗಳೆಂದು ಎಣಿಸಿ, 1260ರಲ್ಲಿ ಮೂರನೆಯ ಯುಗ ಆರಂಭವಾಗುವುದೆಂದು ಕಾದರು. 17ನೇ ಶತಮಾನದಲ್ಲಿ ಧರ್ಮಬೋಧಕ ರಾಜರ್ ವಿಲಿಯಮ್ಸ್ ಅಮೆರಿಕದ ಪ್ರಾವಿಡೆನ್ಸ್‌ನಲ್ಲಿ ಬ್ಯಾಪ್ಟಿಸ್ಟ್ ಸಭೆಯೊಂದನ್ನು ಸ್ಥಾಪಿಸಿ ಕೆಲವೇ ತಿಂಗಳಲ್ಲಿ ಬಿಟ್ಟರು. ಅಪೊಸ್ತಲರ ಅಧಿಕಾರ ಎಂದೋ ಕಡಿದುಹೋಗಿದೆ, ದೇವರು ಹೊಸ ಅಪೊಸ್ತಲರನ್ನು ಕಳುಹಿಸುವವರೆಗೆ ನಿಜವಾದ ಸಭೆಯನ್ನು ಕಟ್ಟಲು ಯಾರಿಗೂ ಹಕ್ಕಿಲ್ಲ ಎಂದು ಅವರಿಗೆ ಅನ್ನಿಸಿತ್ತು. ಡಾರ್ಬಿಯೂ ಸಭೆ ಪಾಳುಬಿದ್ದಿದೆ, ಹಿರಿಯರನ್ನು ನೇಮಿಸುವ ಅಧಿಕಾರ ಈಗ ಯಾರಿಗೂ ಇಲ್ಲ ಎಂದರು. ಆದರೆ ಅವರ ಅನುಯಾಯಿಗಳು ಪ್ರತಿ ಭಾನುವಾರ ರೊಟ್ಟಿ ಮುರಿಯುವುದನ್ನು ಕೈಬಿಡಲಿಲ್ಲ.

ಕ್ಯಾಂಪಿಂಗ್ ಅವರಿಗೆ ತೀರ ಹತ್ತಿರದ ಉದಾಹರಣೆ 19ನೇ ಶತಮಾನದ ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅವರ ಚಳವಳಿ. ದಾನಿಯೇಲ 8:14ರ 2300 ದಿನಗಳನ್ನು 2300 ವರ್ಷಗಳೆಂದು ಎಣಿಸಿ, ಕ್ರಿಸ್ತನು 1843-44ರಲ್ಲಿ ಬರುವನೆಂದು ಮಿಲ್ಲರ್ ಸಾರಿದರು. ಸಭೆಗಳು ಆ ಸಂದೇಶವನ್ನು ತಳ್ಳಿಹಾಕಿದಾಗ, 1843ರಲ್ಲಿ ಅವರ ಸಹೋದ್ಯೋಗಿ ಚಾರ್ಲ್ಸ್ ಫಿಚ್ ‘ಅವಳನ್ನು ಬಿಟ್ಟುಬನ್ನಿರಿ’ ಎಂಬ ಅದೇ ಪ್ರಕಟನೆ 18ರ ವಚನವನ್ನು ಪ್ರೊಟೆಸ್ಟೆಂಟ್ ಸಭೆಗಳಿಗೂ ಅನ್ವಯಿಸಿ ಪ್ರಸಂಗ ಮಾಡಿದರು. ಚಳವಳಿ ಕೊನೆಯದಾಗಿ ಗೊತ್ತುಮಾಡಿದ್ದ ದಿನವಾದ 1844ರ ಅಕ್ಟೋಬರ್ 22 ಕ್ರಿಸ್ತನು ಬಾರದೆ ಕಳೆದುಹೋಯಿತು. ಹಾಗೆ ಹೊರಬಂದವರಲ್ಲಿ ಒಂದು ಭಾಗ 1863ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಎಂಬ ಹೆಸರಿನಲ್ಲಿ ಹಿರಿಯರು, ದೀಕ್ಷಾಸ್ನಾನ, ಕರ್ತನ ಭೋಜನ ಎಲ್ಲವೂ ಇರುವ ಸಭೆಯಾಗಿ ಸಂಘಟಿತವಾಯಿತು. ಕ್ಯಾಂಪಿಂಗ್ ಆಧರಿಸಿದ್ದೂ ದಾನಿಯೇಲನ ಅದೇ 2300 ಸಂಖ್ಯೆಯನ್ನೇ. ಅವರು ಮಾತ್ರ ದಿನಗಳನ್ನು ದಿನಗಳಾಗಿಯೇ ಎಣಿಸಿದರು.

2011ರ ಮೇ 21 ಮತ್ತು ಅನಂತರ

ಆ ದಿನಕ್ಕೆ ಮುನ್ನ ಅನೇಕ ದೇಶಗಳಲ್ಲಿ ದೊಡ್ಡ ಜಾಹೀರಾತು ಫಲಕಗಳು ಎದ್ದು ನಿಂತವು. ಕೆಲವರು ಕೆಲಸ ಬಿಟ್ಟರು, ಕೆಲವರು ಜೀವಮಾನದ ಉಳಿತಾಯವನ್ನೇ ಪ್ರಚಾರಕ್ಕೆ ಕೊಟ್ಟರು. ದಿನ ಎಂದಿನಂತೆ ಕಳೆಯಿತು. ನ್ಯಾಯತೀರ್ಪು ಅಂದು ಆತ್ಮಿಕವಾಗಿ ಬಂದಿದೆ, ಲೋಕದ ಅಂತ್ಯ ಅಕ್ಟೋಬರ್ 21ರಂದು ಆಗುವುದು ಎಂದು ಕ್ಯಾಂಪಿಂಗ್ ವಿವರಿಸಿದರು; ಜೂನ್‌ನಲ್ಲಿ ಅವರಿಗೆ ಪಾರ್ಶ್ವವಾಯು ಬಡಿಯಿತು, ಅಕ್ಟೋಬರ್ 21 ಕೂಡ ಕಳೆಯಿತು. 2012ರ ಮಾರ್ಚ್‌ನಲ್ಲಿ ಕೇಳುಗರಿಗೆ ಬರೆದ ಪತ್ರದಲ್ಲಿ ದಿನವನ್ನು ಗೊತ್ತುಮಾಡಿ ಹೇಳಿದ್ದು ಪಾಪವೆಂದು ಒಪ್ಪಿ, ಆ ದಿನವನ್ನಾಗಲಿ ಗಳಿಗೆಯನ್ನಾಗಲಿ ಯಾರೂ ಅರಿಯರು ಎಂಬ ವಚನವನ್ನು ಎತ್ತಿ ತೋರಿಸಿದ್ದವರ ಮಾತೇ ಸರಿಯಾಗಿತ್ತೆಂದರು. 2013ರ ಡಿಸೆಂಬರ್ 15ರಂದು ಅವರು ತೀರಿಕೊಂಡರು. ಅವರ ಬೋಧನೆಗಳ ಪ್ರಸಾರವನ್ನು ನಿಲ್ಲಿಸುವುದಾಗಿ ಫ್ಯಾಮಿಲಿ ರೇಡಿಯೊ 2018ರಲ್ಲಿ ಪ್ರಕಟಿಸಿತು.

ಇಷ್ಟಾದರೂ ಚರ್ಚೆ ಮುಗಿಯಲಿಲ್ಲ. 2020ರ ಸಾಂಕ್ರಾಮಿಕದಲ್ಲಿ ಆರಾಧನಾ ಮಂದಿರಗಳ ಬಾಗಿಲು ಮುಚ್ಚಿದಾಗ, ಒಂದೆಡೆ ಕೂಡದ ಸಭೆ ಸಭೆಯೇ, ಪರದೆಯ ಮುಂದೆ ಕುಳಿತು ಕರ್ತನ ಭೋಜನ ಪಡೆಯಬಹುದೇ ಎಂಬ ಪ್ರಶ್ನೆಗಳು ಅನೇಕ ಪಂಥಗಳಲ್ಲಿ ಎದ್ದವು. ಅವು ಈ ವಾದದಿಂದ ಹುಟ್ಟಿದವಲ್ಲವಾದರೂ ಅದೇ ನೆಲದ ಮೇಲೆ ನಿಂತಿವೆ.

ಕ್ಯಾಂಪಿಂಗ್ ಅವರ ಬೋಧನೆಯನ್ನು ಉಳಿಸಿಕೊಂಡಿರುವ ಸಣ್ಣ ಗುಂಪುಗಳೂ ಇವೆ. 2011ರ ಮೇ 21ರಂದು ಕಣ್ಣಿಗೆ ಕಾಣದಂತೆ ರಕ್ಷಣೆಯ ಬಾಗಿಲು ಮುಚ್ಚಿತೆಂದೂ, ಸಭಾಯುಗ 1988ರಲ್ಲೇ ಮುಗಿದದ್ದು ಸತ್ಯವೆಂದೂ ಅವು ಹೇಳುತ್ತವೆ. ಅಂತ್ಯದ ದಿನ ತಪ್ಪಿದ್ದರಿಂದ ಸಭೆಯ ಬಗೆಗಿನ ಬೋಧನೆ ತಾನಾಗಿ ಬೀಳುವುದೇ ಎಂದು ಕೇಳಿದರೆ, ತರ್ಕದ ದೃಷ್ಟಿಯಿಂದ ಎರಡೂ ಬೇರೆ ಪ್ರಶ್ನೆಗಳೆಂದು ಹೇಳಬೇಕಾಗುತ್ತದೆ. ಆದರೆ 1988 ಮತ್ತು 2011 ಎಂಬ ಆ ಎರಡು ವರ್ಷಗಳು ಬಂದದ್ದು ಒಂದೇ ಕಾಲಗಣನೆಯಿಂದ. 1992ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕವೊಂದರಲ್ಲಿ ಕ್ಯಾಂಪಿಂಗ್ 1988ರಿಂದ 1994ರವರೆಗಿನ 2300 ದಿನಗಳನ್ನೇ ಇಡೀ ಮಹಾಸಂಕಟವೆಂದು ಎಣಿಸಿದ್ದರು. 1994 ಏನೂ ಆಗದೆ ಕಳೆದ ಮೇಲೆ ಅದೇ 2300 ದಿನಗಳು 23 ವರ್ಷಗಳ ಅವಧಿಯ ಮೊದಲ ಭಾಗವಾದವು, ಕೊನೆಯ ತುದಿ 2011ಕ್ಕೆ ಸರಿಯಿತು. ಆ ತುದಿಯೂ ನಿಲ್ಲದಿದ್ದಾಗ, 1988ರ ಮೇ 21 ಎಂಬ ಆರಂಭದ ತುದಿಯನ್ನು ಹಿಡಿದಿಡಲು ಕಾಣದ ಘಟನೆಯೊಂದನ್ನು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಕಾಣದ ಘಟನೆಯನ್ನು ಕ್ಯಾಲೆಂಡರಿನಿಂದ ಸಾಧಿಸಲೂ ಆಗದು, ಅಲ್ಲಗಳೆಯಲೂ ಆಗದು. ಆದ್ದರಿಂದ ಈ ಬೋಧನೆಯನ್ನು ಒಪ್ಪುವವರೂ ಒಪ್ಪದವರೂ ಇಂದು ಎದುರುಬದುರಾಗಿ ಕುಳಿತರೆ ತೆರೆಯಬೇಕಾಗುವ ಪುಟಗಳು ಮತ್ತಾಯ 24 ಮತ್ತು 1 ಕೊರಿಂಥ 11: ಯೂದಾಯ ಎಂದರೆ ಸಭೆ ಎಂದು ಅಲ್ಲಿ ಬರೆದಿದೆಯೇ, ‘ಆತನು ಬರುವ ತನಕ’ ಎಂಬುದಕ್ಕೆ 1988ರವರೆಗೆ ಎಂಬ ಅರ್ಥ ಕೊಡಲು ಇಲ್ಲಿ ಎಡೆಯಿದೆಯೇ.